ಮೂರು ಕೋಣೆಯ ಹೊಟ್ಟೆ

ಆ ಮುದಿ ಡಾಲ್ಫಿನ್, ಮೀನು ತಿನ್ನುವುದನ್ನು ಬಿಡತೊಡಗಿದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಮೊದಮೊದಲು ಬೆಳಗಿನ ಪಾಲನ್ನು ಅರ್ಧಕ್ಕೆ ಬಿಟ್ಟಳು. ಆಮೇಲೆ ಮೀನನ್ನು ಬಾಯಿಗೆ ತೆಗೆದುಕೊಂಡು, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ನೀರಿಗೆ ಬಿಟ್ಟುಬಿಡುತ್ತಿದ್ದಳು. ಅವಳನ್ನು 'ಅದು' ಎಂದು ಬರೆಯುವುದು ನನ್ನಿಂದ ಆಗುವುದಿಲ್ಲ. ಅವಳನ್ನು ಬಲ್ಲವರು ಯಾರೂ ಹಾಗೆ ಅನ್ನುತ್ತಿರಲಿಲ್ಲ.

ಆಗ ನಾನು ಹೂಸ್ಟನ್‌ನಲ್ಲಿ, ಪ್ರಾಣಿಗಳ ರೋಗ ಪತ್ತೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಹುಬ್ಬಳ್ಳಿಯಲ್ಲಿ ಬೆಳೆದು, ಬೀದರಿನಲ್ಲಿ ಪಶುವೈದ್ಯ ಓದಿದವಳು. ಕಾಲೇಜಿನ ಟ್ರಿಪ್ಪಿನಲ್ಲಿ ಕಾರವಾರಕ್ಕೆ ಹೋಗುವವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ಅಂಥವಳು ಸಮುದ್ರದ ಪ್ರಾಣಿಗಳ ಹೊಟ್ಟೆಯ ಬ್ಯಾಕ್ಟೀರಿಯಾಗಳ ಬೆನ್ನು ಹತ್ತಿದ್ದು ಹೇಗೆ ಎಂದು ಇಲ್ಲಿಯ ಕನ್ನಡದವರು ಕೇಳಿದರೆ, "ಎಮ್ಮಿಗೆ ನಾಕು ಕ್ವಾಣಿ ಹೊಟ್ಟಿ, ಡಾಲ್ಫಿನ್‌ಗೆ ಮೂರು. ಒಂದು ಕ್ವಾಣಿ ಕಡಿಮಿ, ಅಷ್ಟ ಫರಕು" ಎಂದು ನಗಿಸುತ್ತಿದ್ದೆ. ಮಾತು ತಮಾಷೆಯದಾದರೂ ಸುಳ್ಳಲ್ಲ. ಡಾಲ್ಫಿನ್ ಅಗಿಯುವುದಿಲ್ಲ, ಇಡೀ ಮೀನು ನುಂಗುತ್ತದೆ. ಮೊದಲ ಕೋಣೆಯಲ್ಲಿ ಮೀನು ನುರಿಯುತ್ತದೆ, ಎರಡನೆಯದರಲ್ಲಿ ಆಮ್ಲ ಸುರಿಯುತ್ತದೆ, ಮೂರನೆಯದು ಅದನ್ನು ಕರುಳಿಗೆ ದಾಟಿಸುತ್ತದೆ. ಕೊಳದಲ್ಲಿ ಸಾಕಿದ ಡಾಲ್ಫಿನ್‌ಗಳಿಗೆ ಮೊದಲ ಎರಡು ಕೋಣೆಗಳಲ್ಲಿ ಹುಣ್ಣಾಗುವುದು ಅಪರೂಪವೇನಲ್ಲ. ಆ ಹುಣ್ಣಿನ ಹಿಂದೆ ಯಾವ ಜೀವಾಣು ಇದೆ ಎಂದು ನೋಡುವುದು ನನ್ನ ಕೆಲಸವಾಗಿತ್ತು.

ಅವಳಿದ್ದ ಜಾಗ ಹೂಸ್ಟನ್‌ನಿಂದ ದಕ್ಷಿಣಕ್ಕೆ, ಸಮುದ್ರ ಒಳನುಗ್ಗಿದ ಒಂದು ಖಾರಿಯ ದಡದಲ್ಲಿ. ಸಣ್ಣ ಕೇಂದ್ರ. ಎರಡು ಕೊಳಗಳು, ನಡುವೆ ಒಂದು ಕಬ್ಬಿಣದ ಗೇಟು. ಅವಳ ಜೊತೆ ಬಹಳ ವರ್ಷ ಇನ್ನೊಂದು ಮುದಿ ಹೆಣ್ಣು ಡಾಲ್ಫಿನ್ ಇತ್ತು. ಇಬ್ಬರೂ ಪಕ್ಕೆಗೆ ಪಕ್ಕೆ ತಾಗಿಸಿಕೊಂಡು ಈಜುತ್ತಿದ್ದರು, ಒಟ್ಟಿಗೆ ಮೇಲೆ ಬಂದು ಉಸಿರು ಬಿಡುತ್ತಿದ್ದರು. ಆ ಚಳಿಗಾಲದಲ್ಲಿ ಅದು ನ್ಯುಮೋನಿಯಾ ಆಗಿ ಸತ್ತಿತು. ಸಾಯುವ ಮುಂಚೆ ಚಿಕಿತ್ಸೆಗೆಂದು ಗೇಟು ದಾಟಿಸಿ ಆಚೆ ಕೊಳಕ್ಕೆ ಒಯ್ದಿದ್ದರು. ಅಲ್ಲಿಂದ ಅದು ಮರಳಲಿಲ್ಲ. ಈಚೆ ಉಳಿದವಳು ಗೇಟಿಗೆ ಮೂತಿ ತಾಗಿಸಿಕೊಂಡು ನಿಲ್ಲತೊಡಗಿದಳು, ಊಟ ಕಡಿಮೆ ಮಾಡಿದಳು.

ಅವಳನ್ನು ನೋಡಿಕೊಳ್ಳುತ್ತಿದ್ದವರು ಕೂದಲು ನೆರೆತ, ಬಿಸಿಲಿಗೆ ಮುಖ ಕಂದಿದ ಒಬ್ಬ ಅಮೆರಿಕನ್ ಹೆಂಗಸು. ಮೀನಿನ ಬಕೆಟ್ಟು ಹಿಡಿದು ದಿನವಿಡೀ ಕೊಳದ ಅಂಚಿನಲ್ಲೇ ಇರುತ್ತಿದ್ದರು. ನಾನು ಸ್ಯಾಂಪಲ್ ಕೇಳಲು ಫೋನ್ ಮಾಡಿದಾಗ ಅವರಿಗೆ ಇಷ್ಟವಾಗಲಿಲ್ಲ.

"ಅವಳ ಗೆಳತಿ ಸತ್ತಿದ್ದಾಳೆ ಡಾಕ್ಟರ್," ಅಂದರು. "ನಿಮ್ಮ ಟ್ಯೂಬಿನಲ್ಲಿ ಅದು ಬರುವುದಿಲ್ಲ."

"ಬರದಿದ್ದರೆ ಬೇಡ. ಆದರೆ ಒಂದು ಸಲ ನೋಡೋಣ," ಅಂದೆ.

ಆ ವಾರ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಅದುವರೆಗೆ ಅವಳು ನನಗೆ ಗೊತ್ತಿದ್ದದ್ದು ಐಸ್ ಪೆಟ್ಟಿಗೆಯಲ್ಲಿ ಬರುತ್ತಿದ್ದ, ಹೊಟ್ಟೆಯಿಂದ ತೆಗೆದ ಹುಳಿನಾತದ ದ್ರವವಾಗಿ ಮಾತ್ರ. ಕೊಳದ ಪಕ್ಕ ಮಂಡಿಯೂರಿ ಕೂತೆ. ಆ ಹೆಂಗಸು ಕೈ ಸನ್ನೆ ಮಾಡಿದ ಕೂಡಲೇ ಅವಳು ಬಂದು, ಮೈ ತೇಲಿಸಿ, ಬಾಯಿ ತೆರೆದಳು. ಟ್ಯೂಬು ಒಳಗೆ ಹೋಗುವಾಗ ಕಣ್ಣು ಮಾತ್ರ ನನ್ನ ಕಡೆ ಹೊರಳಿತು. ಅವಳ ಹಣೆಯ ಮೇಲೆ ಕೈ ಇಟ್ಟೆ. ಒದ್ದೆ ರಬ್ಬರಿನ ಹಾಗೆ ನುಣುಪು, ಒಳಗೆ ಬೆಚ್ಚಗೆ. ಅವಳು ಸರಿದುಹೋಗಲಿಲ್ಲ. ಕೇಂದ್ರದ ಪಶುವೈದ್ಯರು ಕ್ಯಾಮರಾ ಇಳಿಸಿದಾಗ ಮೊದಲ ಕೋಣೆಯ ಗೋಡೆಯ ಮೇಲೆ ಹುಣ್ಣುಗಳು ಕಂಡವು, ಮಳೆ ನಿಂತ ಮೇಲೆ ಮಣ್ಣಿನ ರಸ್ತೆಯಲ್ಲಿ ಉಳಿಯುವ ಗುಂಡಿಗಳಂತೆ. ಎರಡನೆಯ ಕೋಣೆ ಕೆಂಪಾಗಿ ಊದಿಕೊಂಡಿತ್ತು. ಅಲ್ಲಿಂದ ಚಿಟಿಕೆಯಷ್ಟು ಚೂರು ತೆಗೆದುಕೊಂಡು ನಾನು ಲ್ಯಾಬಿಗೆ ಮರಳಿದೆ.

ನಾನು ಹುಡುಕುತ್ತಿದ್ದ ಜೀವಾಣು, ಮನುಷ್ಯರ ಹೊಟ್ಟೆಯಲ್ಲಿ ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್‌ನ ದಾಯಾದಿ. ಆಮ್ಲದಲ್ಲಿ ಬದುಕುವ ಅದಕ್ಕೆ ನಮ್ಮ ಗಾಳಿ ಆಗಿಬರುವುದಿಲ್ಲ. ಜೀವಾಣು ಬೆಳೆಸುವ ಸಣ್ಣ ತಟ್ಟೆಯನ್ನು ಮುಚ್ಚಿದ ಜಾಡಿಯಲ್ಲಿ, ಆಮ್ಲಜನಕ ಕಡಿಮೆ ಮಾಡಿ, ಮೈಯ ಬಿಸಿಯಲ್ಲಿ ಇಟ್ಟು ಕಾಯಬೇಕು. ಬೇರೆ ಬ್ಯಾಕ್ಟೀರಿಯಾಗಳು ಒಂದೇ ದಿನಕ್ಕೆ ತಟ್ಟೆ ತುಂಬುತ್ತವೆ, ಇದು ವಾರ ಕಳೆದರೂ ಮುಖ ತೋರಿಸುವುದಿಲ್ಲ. ಅವಸರಪಟ್ಟು ಮುಚ್ಚಳ ತೆರೆದರೆ ಸತ್ತೇ ಹೋಗುತ್ತದೆ.

ಆದ್ದರಿಂದ ಜಾಡಿ ಮುಚ್ಚಿಟ್ಟು, ಎಂದಿನ ಹಾಗೆ ಶುಕ್ರವಾರ ಮಧ್ಯಾಹ್ನ ಡಲ್ಲಾಸಿನ ಪಕ್ಕದ ಫ್ರಿಸ್ಕೋಗೆ ಹೊರಟೆ. ನನ್ನ ಗಂಡ, ಮಗಳು, ಅತ್ತೆ ಇದ್ದದ್ದು ಅಲ್ಲಿ. ಗಂಡನ ಆಫೀಸು ಡಲ್ಲಾಸಿಗೆ ಶಿಫ್ಟ್ ಆದಾಗ ಮಗಳು ಶಾಲೆ ಸೇರುವ ವಯಸ್ಸಿನಲ್ಲಿದ್ದಳು. ಡಲ್ಲಾಸಿನ ಹತ್ತಿರ ಸಮುದ್ರವಿಲ್ಲ, ನನ್ನ ಕೆಲಸ ಸಮುದ್ರವಿದ್ದ ಕಡೆಯಲ್ಲೇ ಇರುವಂಥದ್ದು. "ಒಂದು ವರ್ಷ ನೋಡೋಣ" ಎಂದುಕೊಂಡೆವು. ಒಂದು ವರ್ಷ ಎನ್ನುವುದು ಹಾಗೇ ಬೆಳೆಯುತ್ತ ಹೋಯಿತು. ನಾನು ಹೂಸ್ಟನ್‌ನಲ್ಲಿ, ಹಿಲ್‌ಕ್ರಾಫ್ಟ್ ರಸ್ತೆಯ ಭಾರತೀಯ ಅಂಗಡಿಗಳ ಹಿಂದೆ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಇದ್ದೆ. ಸಂಜೆ ಕಿಟಕಿ ತೆರೆದರೆ ಯಾರದೋ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಬ್ಬಳಿಗೆ ಅನ್ನ ಮಾಡಿಕೊಳ್ಳಲು ಮನಸ್ಸಾಗದೆ, ಕೆಳಗಿಳಿದು ಸಮೋಸ ತಿಂದು ಮಲಗಿದ ದಿನಗಳೇ ಹೆಚ್ಚು. ವೀಡಿಯೊ ಕಾಲ್‌ನಲ್ಲಿ ಮಗಳ ಹಲ್ಲು ಬಿದ್ದದ್ದು ಕಂಡೆ, ಹೊಸ ಹಲ್ಲು ಬಂದದ್ದು ಕಂಡೆ. ಆ ಹಲ್ಲನ್ನು ಮುಟ್ಟಿ ನೋಡಬೇಕೆಂದು ಅನ್ನಿಸುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುವಂಥದ್ದು.

ಆ ವಾರ ಫ್ರಿಸ್ಕೋದ ಮನೆಯಲ್ಲಿ ಬಾಗಿಲು ತೆಗೆದ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋದರು. ಅತ್ತೆ ಮೈಸೂರಿನವರು, ಮೆಲುಮಾತಿನವರು.

"ಮಗೂಗೆ ಹೊಟ್ಟೆ ನೋವು ಕಣಮ್ಮಾ," ಅಂದರು. "ನಿನಗೆ ಹೇಳಿದ್ರೆ ಅಲ್ಲಿ ಒಬ್ಬಳೇ ಗಾಬರಿ ಮಾಡ್ಕೋತೀಯ ಅಂತ ಸುಮ್ನಿದ್ದೆ. ಓಮಿನ ಕಾಳು ಕೊಟ್ಟೆ, ದೃಷ್ಟಿನೂ ತೆಗೆದೆ."

"ಯಾವಾಗಿಂದ್ರಿ ಅತ್ತೆ?"

"ಎರಡು ತಿಂಗಳಾಯ್ತೇನೋ. ಬರುತ್ತೆ, ಹೋಗುತ್ತೆ."

ಮಗಳು ಸೋಫಾದ ಮೇಲೆ ಟ್ಯಾಬ್ಲೆಟ್ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಕೂತು, "ಎಲ್ಲೆ ನೋಯ್ತದವ್ವಾ? ಮುಟ್ಟಿ ತೋರ್ಸು ನೋಡೂಣು" ಅಂದೆ.

ಅವಳು ಹೊಕ್ಕುಳಿನ ಮೇಲೆ ಅಂಗೈ ಇಟ್ಟಳು. "ಹಿಯರ್. ಇಟ್ಸ್ ನಾಟ್ ಅ ಬಿಗ್ ಡೀಲ್, ಅಮ್ಮ."

ನಾನು ಬಗ್ಗಿ ಹೊಟ್ಟೆ ಒತ್ತಿ ನೋಡಿದೆ. ಮೆತ್ತಗಿತ್ತು. ನನ್ನ ಬೆರಳು ತಣ್ಣಗಿದ್ದವೆಂದು ನಕ್ಕಳು. ಆದರೆ ಭಾನುವಾರ ಮಧ್ಯಾಹ್ನ, ನಾನು ಹೊರಡಲು ಬ್ಯಾಗು ತುಂಬಿದ ಮೇಲೆ, ಊಟದ ತಟ್ಟೆಯ ಮುಂದೆ ಕೂತವಳು ಸಾರನ್ನದ ಎರಡು ತುತ್ತು ತಿಂದು, ತಟ್ಟೆ ದೂಡಿ, ಹೊಟ್ಟೆ ಹಿಡಿದುಕೊಂಡು ಎದ್ದಳು. ಅವಳ ಮುಖ ನಿಜವಾಗಿಯೂ ಬಿಳಿಚಿತ್ತು.

ಹೂಸ್ಟನ್‌ಗೆ ಹಿಂತಿರುಗುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಇದು ಅದೇ ಬ್ಯಾಕ್ಟೀರಿಯಾ ಇರಬಹುದು. ಮನುಷ್ಯರಿಗೆ ಬರುವುದು, ಮಕ್ಕಳಿಗೆ ಮನೆಯವರಿಂದಲೇ ಅಂಟುವುದು. ನಮ್ಮೂರ ಕಡೆಯ ಬಹಳ ಜನರ ಹೊಟ್ಟೆಯಲ್ಲಿ ಅದು ಇರುತ್ತದೆ. ಇದ್ದರೆ ಮಾತ್ರೆ ಕೊಟ್ಟು ತೆಗೆಯಬಹುದು. ಆ ದಿನ ನನಗೆ ಆ ಯೋಚನೆ ಭಯವನ್ನಲ್ಲ, ಸಮಾಧಾನವನ್ನು ಕೊಟ್ಟಿತ್ತು. ಅದು ನನಗೆ ಗೊತ್ತಿದ್ದ ಶತ್ರು.

ಅವಳ ತಟ್ಟೆಯ ಮೇಲೆ, ಅಂದರೆ ಡಾಲ್ಫಿನ್‌ನ ತಟ್ಟೆಯ ಮೇಲೆ, ಮುಂದಿನ ವಾರ ಚುಕ್ಕಿಗಳು ಕಂಡವು. ಇಬ್ಬನಿಯ ಹನಿಗಿಂತ ಸಣ್ಣವು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥವು. ಸೂಕ್ಷ್ಮದರ್ಶಕದಡಿ ಬಾಗಿದ ಸಣ್ಣ ಕಡ್ಡಿಗಳು. ಪರೀಕ್ಷೆಯ ಹಳದಿ ದ್ರವಕ್ಕೆ ಹಾಕಿದೆ. ನಾನು ನೋಡುತ್ತಿದ್ದ ಹಾಗೆಯೇ ಅದು ಗುಲಾಬಿಯಾಯಿತು, ನಾನು ಹುಡುಕುತ್ತಿದ್ದ ಜೀವಾಣುವಿನ ಗುರುತು. ಕೇಂದ್ರದ ಆ ಹೆಂಗಸಿಗೆ ಫೋನ್ ಮಾಡಿ ಹೇಳಿದೆ. ಅವರ ಹಿಂದೆ ಕಡಲಹಕ್ಕಿಗಳ ಕಿರುಚಾಟ ಕೇಳುತ್ತಿತ್ತು.

"ಹಾಗಾದರೆ ಅವಳು ದುಃಖಪಡುತ್ತಿರಲಿಲ್ಲವಾ?" ಎಂದು ಕೇಳಿದರು.

ಆ ದನಿಯಲ್ಲಿ ನಿರಾಸೆ ಇತ್ತು. ನನಗೆ ಅರ್ಥವಾಯಿತು. ಸತ್ತ ಡಾಲ್ಫಿನ್ನನ್ನು ಅವರೂ ಅಷ್ಟೇ ವರ್ಷ ಸಾಕಿದ್ದರು. ತನ್ನ ಜೊತೆಗೆ ಅಳುತ್ತಿದ್ದ ಒಂದು ಜೀವ ಆ ಕೊಳದಲ್ಲಿದೆ ಎಂದು ನಂಬಿದ್ದರು.

"ನಾನು ಹಾಗೆ ಹೇಳಲಿಲ್ಲ," ಅಂದೆ. "ಹುಣ್ಣು ಇದೆ, ಅದು ನೋಯುತ್ತದೆ ಅಂತಷ್ಟೇ ಹೇಳಿದ್ದು. ಅದನ್ನು ವಾಸಿ ಮಾಡೋಣ."

ಔಷಧ ಶುರುವಾಯಿತು. ಎರಡು ಬಗೆಯ ಆಂಟಿಬಯಾಟಿಕ್, ಆಮ್ಲ ತಗ್ಗಿಸುವ ಒಂದು ಮಾತ್ರೆ. ಮೀನಿನ ಕಿವಿರಿನೊಳಗೆ ಮಾತ್ರೆ ತುರುಕಿ ಕೊಟ್ಟರೆ, ಅವಳು ಮೀನು ನುಂಗಿ, ಮಾತ್ರೆಯನ್ನು ಹೇಗೋ ಬಾಯಂಚಿನಿಂದ ಹೊರಗೆ ಬಿಡುತ್ತಿದ್ದಳು. ಮಾತ್ರೆ ತೇಲುವುದನ್ನು ನೋಡಿ ಆ ಹೆಂಗಸು ಮೊದಲ ಸಲ ನಕ್ಕರು. ಚಿಕ್ಕಂದಿನಲ್ಲಿ ನಮ್ಮವ್ವ ನನಗೆ ಬಾಳೆಹಣ್ಣಿನಲ್ಲಿ ಗುಳಿಗೆ ಇಟ್ಟು ಕೊಡುತ್ತಿದ್ದುದನ್ನು, ನಾನು ಹಣ್ಣು ತಿಂದು ಗುಳಿಗೆಯನ್ನು ಅಂಗಳದ ತುಳಸಿಯ ಬುಡಕ್ಕೆ ಉಗುಳುತ್ತಿದ್ದುದನ್ನು ಅವರಿಗೆ ಹೇಳಿದೆ. ಕೊನೆಗೆ ಮಾತ್ರೆಗಳನ್ನು ಪುಡಿ ಮಾಡಿ, ಜೆಲ್ಲಿಯಲ್ಲಿ ಕಲಸಿ ಕೊಟ್ಟರು. ಜೆಲ್ಲಿ ಅವಳಿಗೆ ಇಷ್ಟವಾಯಿತು.

ಆ ತಿಂಗಳೇ ಮಗಳನ್ನು ಫ್ರಿಸ್ಕೋದಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ನಾನು ರಜೆ ಹಾಕಿ ಹೋಗಿದ್ದೆ. ಉಸಿರಿನ ಪರೀಕ್ಷೆ ಮಾಡಿ ಎಂದು ನಾನೇ ಕೇಳಿದೆ. ಸಿಹಿ ನೀರು ಕುಡಿಯುವುದು, ಸ್ವಲ್ಪ ಕಾಯುವುದು, ಒಂದು ಚೀಲಕ್ಕೆ ಊದುವುದು. ಬ್ಯಾಕ್ಟೀರಿಯಾ ಇದ್ದರೆ ಆ ಉಸಿರಿನಲ್ಲಿ ಗೊತ್ತಾಗುತ್ತದೆ. ಮಗಳಿಗೆ ಚೀಲ ಊದುವುದು ಆಟದಂತೆ ಖುಷಿ ಕೊಟ್ಟಿತು. ಇನ್ನೊಂದು ಸಲ ಊದಲೇ ಎಂದು ಕೇಳಿದಳು.

ಫಲಿತಾಂಶ ಹೇಳಲು ಡಾಕ್ಟರು ನಮ್ಮನ್ನು ಮತ್ತೆ ಕರೆದರು. ನಮ್ಮ ವಯಸ್ಸಿನವರೇ, ಗುಜರಾತಿ ಮನೆತನದಲ್ಲಿ ಇಲ್ಲೇ ಹುಟ್ಟಿ ಬೆಳೆದವರು. ಏನೂ ಇಲ್ಲ ಅಂದರು. ರಕ್ತ ಸರಿ, ತೂಕ ಸರಿ, ಹೊಟ್ಟೆ ಸ್ವಚ್ಛ. ನನ್ನ ಗಂಡ ದೊಡ್ಡದಾಗಿ ಉಸಿರು ಬಿಟ್ಟ. ನಾನು ಮಾತ್ರ ಫಲಿತಾಂಶದ ಕಾಗದವನ್ನು ತೆಗೆದುಕೊಂಡು ಮತ್ತೊಮ್ಮೆ ಓದಿದೆ.

ಡಾಕ್ಟರು ಮಗಳ ಕಡೆ ತಿರುಗಿ, ನೋವು ಯಾವಾಗ ಶುರುವಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮಗಳು ಕುರ್ಚಿಯಲ್ಲಿ ಕಾಲು ಆಡಿಸುತ್ತ ಯೋಚಿಸಿದಳು. ಆಮೇಲೆ, ಎಲ್ಲರಿಗೂ ಗೊತ್ತಿರುವ ವಿಷಯ ಎನ್ನುವ ಹಾಗೆ, "ಭಾನುವಾರ. ಅಮ್ಮ ಫ್ರಿಜ್‌ನಿಂದ ಅಜ್ಜಿ ಮಾಡಿದ ಸಾರಿನ ಡಬ್ಬಿ ತೆಗೆದು ಬ್ಯಾಗಲ್ಲಿ ಇಟ್ಕೊಳ್ಳುವಾಗ" ಎಂದಳು. ಅದನ್ನೂ ಇಂಗ್ಲಿಷಿನಲ್ಲೇ ಹೇಳಿದಳು, ಸಾರು ಎನ್ನುವುದೊಂದು ಮಾತ್ರ ಕನ್ನಡ.

ಡಾಕ್ಟರು ಮೇಜಿನ ಮೇಲಿನ ಟಿಶ್ಯೂ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. ನಾನು ಅಳುತ್ತಿರಲಿಲ್ಲ. ಆ ಡಬ್ಬಿ ಸರಿದ ಮೇಲೆ ಅಳು ಬಂತು.

ಪಾರ್ಕಿಂಗ್ ಲಾಟಿನಲ್ಲಿ ಕಾರಿಗೆ ಕೂತು ಬೆಲ್ಟು ಹಾಕಿಕೊಂಡೆ. ಕೊಳದಲ್ಲಿ ಉಳಿದ ಆ ಮುದಿ ಡಾಲ್ಫಿನ್‌ಗೆ ಗೆಳತಿಯ ಹಂಬಲ ಎಂದು ಎಲ್ಲರೂ ಹೇಳಿದಾಗ, ಅಲ್ಲ, ಬ್ಯಾಕ್ಟೀರಿಯಾ ಎಂದು ತೋರಿಸಿಕೊಟ್ಟವಳು ನಾನು. ನನ್ನ ಮಗಳಿಗೆ ಬ್ಯಾಕ್ಟೀರಿಯಾ ಇರಲಿ ಎಂದು ದೇವರಲ್ಲಿ ಕೇಳಿಕೊಂಡವಳೂ ನಾನೇ. ಅವಳಿಗೆ ಇದ್ದದ್ದು ಹಂಬಲ. ಅದನ್ನು ಬೆಳೆಸಿ ನೋಡಲು ನನ್ನ ಹತ್ತಿರ ತಟ್ಟೆ ಇರಲಿಲ್ಲ, ಕೊಲ್ಲಲು ಮಾತ್ರೆಯೂ ಇರಲಿಲ್ಲ.

ಆ ಸಂಜೆ ಗಂಡ ಚಪಾತಿ ಬೇಯಿಸುತ್ತಿದ್ದ, ನಾನು ಲಟ್ಟಿಸುತ್ತಿದ್ದೆ. ಅತ್ತೆ ಮಗಳನ್ನು ಕರೆದುಕೊಂಡು ಹೊಸ ಬಡಾವಣೆಯ ಕೆರೆಯ ಸುತ್ತ ನಡೆಯಲು ಹೋಗಿದ್ದರು.

"ಆಸ್ಟಿನ್ ಆಫೀಸಲ್ಲಿ ಜಾಗ ಇದೆ," ಅಂದ ಅವನು. "ಕೇಳಿದ್ರೆ ಕೊಡ್ತಾರೆ. ನಿನಗೂ ಅಲ್ಲಿ ಲ್ಯಾಬ್‌ಗಳಿವೆಯಲ್ಲ."

"ಲ್ಯಾಬ್ ಅದಾವು. ಸಮುದ್ರ ಇಲ್ಲ."

"ಇಲ್ಲ," ಅಂದ. ಚಪಾತಿ ತಿರುವಿ ಹಾಕಿದ. "ನೀನೊಬ್ಬಳೇ ಬಿಟ್ಟುಬಿಡು ಅಂತ ನಾನು ಹೇಳ್ತಿಲ್ಲ ಕಣೇ. ನಾನೂ ಇಲ್ಲಿ ಟೀಮ್ ಬಿಟ್ಟೇ ಬರಬೇಕು. ಇಬ್ಬರೂ ಒಂದೊಂದು ಬಿಡೋಣ ಅಂತ."

ನಾನು ತಲೆ ಎತ್ತಲಿಲ್ಲ. ಲಟ್ಟಿಸಿದ್ದು ದುಂಡಗೆ ಬರುತ್ತಿರಲಿಲ್ಲ. "ಆ ಮುದುಕಿಗೆ ಔಷಧ ಮುಗೀಲಿ," ಅಂದೆ. "ಆಮ್ಯಾಲೆ ಹೋಗೂಣು."

ಅವನಿಗೆ ಯಾವ ಮುದುಕಿ ಎಂದು ಗೊತ್ತಿತ್ತು. ಆಯ್ತು ಅಂದ.

ಔಷಧ ಮುಗಿಯಿತು. ಮತ್ತೆ ಕ್ಯಾಮರಾ ಇಳಿಸಿದಾಗ ಹುಣ್ಣುಗಳು ಮಾಯುತ್ತ ಬಂದಿದ್ದವು. ಹೊಸ ಚೂರುಗಳಿಂದ ತಟ್ಟೆಯ ಮೇಲೆ ಏನೂ ಬೆಳೆಯಲಿಲ್ಲ. ಅವಳು ಬಕೆಟ್ಟು ಖಾಲಿ ಮಾಡತೊಡಗಿದಳು, ಇನ್ನೂ ಬೇಕೆಂದು ನೀರು ಚಿಮುಕಿಸತೊಡಗಿದಳು. ಹೂಸ್ಟನ್ ಬಿಡುವ ಮುಂಚಿನ ವಾರ ಕೊನೆಯ ಸಲ ಹೋದೆ. ಬೇಸಿಗೆ ಶುರುವಾಗಿತ್ತು, ಖಾರಿಯ ಕಡೆಯಿಂದ ಉಪ್ಪಿನ ಬಿಸಿಗಾಳಿ ಬೀಸುತ್ತಿತ್ತು. ಆ ಹೆಂಗಸು ಬಕೆಟ್ಟನ್ನು ನನ್ನ ಕೈಗೆ ಕೊಟ್ಟರು. ಸಸ್ಯಾಹಾರಿಗಳ ಮನೆಯಲ್ಲಿ ಬೆಳೆದವಳು ನಾನು, ಲ್ಯಾಬಿನ ಕೈಗವಸಿಲ್ಲದೆ ಆವತ್ತೇ ಮೊದಲು ಮೀನು ಹಿಡಿದದ್ದು. ಅವಳು ಒಂದೊಂದಾಗಿ ತೆಗೆದುಕೊಂಡಳು, ಹಲ್ಲು ಬೆರಳಿಗೆ ತಾಗಿಸಲಿಲ್ಲ. ತಿಂದು ಮುಗಿದ ಮೇಲೆ ನಿಧಾನವಾಗಿ ತಿರುಗಿ, ಗೇಟಿನ ಹತ್ತಿರ ಹೋಗಿ, ಮೂತಿ ತಾಗಿಸಿ ನಿಂತಳು.

"ಈಗಲೂ ದಿನಾ ನಿಲ್ಲುತ್ತಾಳೆ," ಅಂದರು ಆ ಹೆಂಗಸು. "ಹೊಟ್ಟೆ ತುಂಬಿದ ಮೇಲೆ ನಿಲ್ಲುತ್ತಾಳೆ."

ನಾವಿಬ್ಬರೂ ನೋಡುತ್ತ ನಿಂತೆವು. ನಾನು ಹೇಳಬೇಕೆಂದುಕೊಂಡದ್ದನ್ನು ಅವರೇ ಹೇಳಿದರು. "ನಿಮ್ಮದೂ ಸರಿ, ನನ್ನದೂ ಸರಿ."

ಆಸ್ಟಿನ್‌ನಲ್ಲಿ ನಮ್ಮದು ಈಗ ಗುಡ್ಡದ ಬದಿಯ ಮನೆ. ಹಿತ್ತಲಿಗೆ ಜಿಂಕೆಗಳು ಬಂದು ಅತ್ತೆ ನೆಟ್ಟ ಕರಿಬೇವನ್ನು ಮೂಸಿ ನೋಡಿ ಹೋಗುತ್ತವೆ. ನನ್ನ ಲ್ಯಾಬಿಗೆ ಬರುವುದು ನಾಯಿ, ಬೆಕ್ಕು, ದನಗಳ ಸ್ಯಾಂಪಲ್. ಒಳ್ಳೆಯ ಕೆಲಸ, ಸಂಜೆ ಐದಕ್ಕೆಲ್ಲ ಮನೆ. ಮಗಳ ಹೊಟ್ಟೆನೋವು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲ ಕೆಲವು ಭಾನುವಾರ ನಾನು ಫ್ರಿಜ್ ತೆಗೆದರೆ ಸಾಕು, ಕೋಣೆಯಿಂದ ಹೊರಬಂದು ನಿಂತು ನೋಡುತ್ತಿದ್ದಳು. ನಾನು ಮೊಸರು ತೆಗೆದುಕೊಂಡು ಬಾಗಿಲು ಮುಚ್ಚಿದ ಮೇಲೆ ಒಳಗೆ ಹೋಗುತ್ತಿದ್ದಳು. ಹಾಗೆ ನೋಡುವುದು ಯಾವಾಗ ನಿಂತಿತೋ ನೆನಪಿಲ್ಲ. ನಿಂತದ್ದು ಗಮನಕ್ಕೆ ಬಂದದ್ದೇ ತಡವಾಗಿ.

ನನ್ನದು ಮಾತ್ರ ನಿಂತಿಲ್ಲ. ಊಟ ಸರಿಯಾಗಿದೆ, ನಿದ್ದೆ ಬರುತ್ತದೆ, ಪಕ್ಕದ ಕೋಣೆಯಲ್ಲಿ ಮಗಳು ಉಸಿರಾಡುತ್ತಾಳೆ. ಆದರೂ ಕೆಲವು ಬೆಳಿಗ್ಗೆ ಲ್ಯಾಬಿನಲ್ಲಿ ಐಸ್ ಪೆಟ್ಟಿಗೆ ತೆರೆಯುವಾಗ, ಆ ಹುಳಿನಾತ, ಆ ಉಪ್ಪುವಾಸನೆ ಬರಲಿ ಎಂದು ಒಂದು ಕ್ಷಣ ಮೂಗು ಕಾಯುತ್ತದೆ. ಬರುವುದಿಲ್ಲ. ಯಾರಿಗಾದರೂ ಹೇಳಿದರೆ ಕೊಳೆತ ಮೀನಿನ ನಾತಕ್ಕೆ ಹಂಬಲಿಸುವವರುಂಟೇ ಎಂದಾರು. ಹುಬ್ಬಳ್ಳಿಯಲ್ಲಿ ಬೆಳೆಯುವಾಗ ಎಂದೂ ಕಾಣದಿದ್ದ ಸಮುದ್ರಕ್ಕೆ ಈಗ ನನ್ನ ಮನಸ್ಸು ತವರಿಗೆ ಎಳೆಯುವ ಹಾಗೆ ಎಳೆಯುತ್ತದೆ.

ಹೋದ ವಸಂತದಲ್ಲಿ, ರಸ್ತೆಯ ಬದಿಯೆಲ್ಲ ನೀಲಿ ಹೂ ಬಿಟ್ಟಿದ್ದ ಸಮಯದಲ್ಲಿ, ಮಗಳೇ ಆ ಡಾಲ್ಫಿನ್ ಮುದುಕಿಯನ್ನು ನೋಡಬೇಕು ಅಂದಳು. ಇಬ್ಬರೇ ಹೋದೆವು. ಕೇಂದ್ರಕ್ಕೆ ಬೇರೆ ಕಡೆಯಿಂದ ಇನ್ನೊಂದು ಹೆಣ್ಣು ಡಾಲ್ಫಿನ್ ಬಂದಿತ್ತು, ಹರೆಯದ್ದು, ಬೆನ್ನ ರೆಕ್ಕೆಯ ತುದಿ ಹರಿದದ್ದು. ಮೊದಲೆಲ್ಲ ಇಬ್ಬರೂ ಬೇರೆ ಬೇರೆ ಮೂಲೆ ಹಿಡಿದಿದ್ದರಂತೆ. ಈಗ ಮುದುಕಿ ಮುಂದೆ, ಹೊಸಬಳು ತುಸು ಹಿಂದೆ, ಒಂದೇ ಸುತ್ತು ಸುತ್ತುತ್ತಿದ್ದರು.

ನಾನು ಅಂಚಿನಲ್ಲಿ ಮಂಡಿಯೂರಿ, ನೀರಿಗೆ ಅಂಗೈ ತಾಗಿಸಿ ಕಾದೆ. ಮುದುಕಿ ನನ್ನ ಮುಂದಿನಿಂದ ಹಾದುಹೋದಳು. ಒಂದು ಕಣ್ಣು ಹೊರಳಿತು, ನನ್ನನ್ನು ನೋಡಿತೋ, ನನ್ನ ಹಿಂದಿನ ಬಕೆಟ್ಟನ್ನೋ. ನಿಲ್ಲಲಿಲ್ಲ. ಮತ್ತೊಂದು ಸುತ್ತಿಗೂ ನಿಲ್ಲಲಿಲ್ಲ.

ಮಗಳು ನನ್ನ ಭುಜಕ್ಕೆ ಗಲ್ಲ ಊರಿ ನೋಡುತ್ತಿದ್ದಳು. "ಶೀ ಈಸ್ ಬ್ಯುಸಿ, ಅಮ್ಮ," ಅಂದಳು. ಆಮೇಲೆ, ನನ್ನ ಮುಖ ನೋಡಿಯೋ ಏನೋ, ಅಪರೂಪಕ್ಕೆ ಕನ್ನಡದಲ್ಲಿ, "ಪರ್ವಾಗಿಲ್ಲ" ಅಂದಳು.

ನೀರಿನಿಂದ ಕೈ ತೆಗೆದೆ. ಅಂಗೈ ಒಣಗಿದ ಮೇಲೆ ಉಪ್ಪು ಬೆಳ್ಳಗೆ ನಿಂತಿತ್ತು. ಮಗಳು ಹಸಿವು ಅಂದಳು. ಕೈ ತೊಳೆಯಲು ಮನಸ್ಸಾಗದೆ, ಹಾಗೇ ಕಾರಿನ ಕೀಲಿ ತೆಗೆದುಕೊಂಡು ಎದ್ದೆ.